‘ನೋಡೋಣ’ ಅಂದಿದ್ದಕ್ಕೆ ಬಿದ್ದ ಏಟು

ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಿದ್ದ ಒಂದು ದಂಪತಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಅಂತ ಹೆಸರು ಹಾಕಿಲ್ಲ. ವಯಸ್ಸು, ಕೆಲಸ, ಹಣದ ಲೆಕ್ಕದಂಥ ಕೆಲವು ವಿವರ ಬದಲಿಸಿದ್ದೇನೆ. ಜಗಳಕ್ಕೆ ಕಾರಣವಾದ ಮಾತುಗಳನ್ನು ಮಾತ್ರ ಅವರ ಬಾಯಲ್ಲಿ ಬಂದ ಹಾಗೇ ಉಳಿಸಿಕೊಂಡಿದ್ದೇನೆ. ಅವನ್ನೂ ಬದಲಿಸಿದರೆ ಈ ಪ್ರಕರಣದಲ್ಲಿ ಹೇಳುವುದಕ್ಕೆ ಏನೂ ಇರುವುದಿಲ್ಲ.

ಆಕೆ ಮೊದಲ ದಿನ ಒಬ್ಬರೇ ಬಂದಿದ್ದರು. ವಯಸ್ಸು 33. ತವರು ತೀರ್ಥಹಳ್ಳಿ ಕಡೆ, ಈಗ ಇರುವುದು ಬೆಂಗಳೂರಿನಲ್ಲಿ. ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಜಿಪ್ ಎಳೆಯುತ್ತಾ, ಮುಚ್ಚುತ್ತಾ ಸ್ವಲ್ಪ ಹೊತ್ತು ಕೂತಿದ್ದರು. ನಾನೂ ಏನೂ ಕೇಳಲಿಲ್ಲ. ಆಮೇಲೆ ಹೇಳಿದರು: “ಮಗಳಿಗೆ ಹೊಡೆದೆ ಮೇಡಂ. ಕೆನ್ನೆಗೇ ಹೊಡೆದೆ. ಒಂದೇ ಒಂದು ಮಾತಿಗೆ.”

ಮಗಳಿಗೆ 6 ವರ್ಷ. ಸಂಜೆ ಆಟ ಮುಗಿಸಿ ಬಂದು ಟೀವಿ ಮುಂದೆ ಕೂತಿದ್ದಳು. ಅಮ್ಮ ಅಡುಗೆಮನೆಯಿಂದಲೇ “ಹೋಂವರ್ಕ್ ಮಾಡ್ತೀಯಾ ಪುಟ್ಟಿ?” ಅಂತ ಕೇಳಿದರು. ಹುಡುಗಿ ತಲೆ ಕೂಡ ತಿರುಗಿಸಲಿಲ್ಲ. ಸ್ವಲ್ಪ ರಾಗ ಎಳೆದು “ನೋಡೋಣ” ಅಂದಳು.

“ಅವರಪ್ಪ ಅನ್ನೋ ಹಾಗೇ ಅಂದ್ಲು. ಅದೇ ರಾಗ. ಕೈ ಎತ್ತಿದ್ದೇ ನನಗೆ ಗೊತ್ತಾಗಲಿಲ್ಲ. ಏಟು ಬಿದ್ದ ಮೇಲೆ ಅವಳು ಅಳಲೂ ಇಲ್ಲ. ನನ್ನ ಮುಖಾನೇ ನೋಡ್ತಾ ನಿಂತಳು. ಏನು ತಪ್ಪು ಮಾತಾಡಿದೆ ಅಂತ ಅವಳಿಗೆ ಗೊತ್ತೇ ಇಲ್ಲ.”

ಇದನ್ನು ಕೇಳಿದ ಆಕೆಯ ಅಕ್ಕ ಫೋನಿನಲ್ಲಿ “ಒಂದು ಮಾತಿಗೆ ಎಂತ ಕೌನ್ಸೆಲಿಂಗ್ ಮಾರಾಯ್ತಿ” ಅಂದಿದ್ದರಂತೆ. ಬಾಗಿಲವರೆಗೆ ಬಂದು ವಾಪಸ್ ಹೋಗೋಣ ಅಂತ ಆಕೆಗೂ ಅನ್ನಿಸಿತ್ತಂತೆ.

ಹೋಗದೆ ಇದ್ದದ್ದು ಒಳ್ಳೆಯದಾಯಿತು. ‘ಒಂದು ಮಾತು ನನಗೆ ತಡೆಯಕ್ಕಾಗಲ್ಲ’ ಅಂತ ಹೇಳಿಕೊಂಡು ಈ ಕೋಣೆಗೆ ಬರುವವರು ಕಡಿಮೆ. ನಿದ್ದೆ ಬರಲ್ಲ, ಅತ್ತೆ ಸರಿ ಇಲ್ಲ, ದುಡ್ಡಿನ ತೊಂದರೆ ಅಂತ ಬರುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಒಂದು ಮಾತು ಹೊರಗೆ ಬೀಳುತ್ತದೆ. ಮದುವೆಯಾಗಿ ನಾಲ್ಕು ವರ್ಷವಾದ ಹುಡುಗಿಗೆ ಪ್ರತಿ ಸಮಾರಂಭದಲ್ಲೂ ಎದುರಾಗುವ ‘ಏನಾದ್ರೂ ವಿಶೇಷ?’. ಕೇಳುವವರು ಪ್ರೀತಿಯಿಂದಲೇ, ನಗುತ್ತಲೇ ಕೇಳುತ್ತಾರೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗದ ಹಾಗೆ ಮಾಡುವುದು ಆ ನಗುವೇ. ಇನ್ನೊಂದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊ’. ಬಸ್ಸಿನಲ್ಲಿ ಮೂರು ಜನ ಕೂರುವ ಸೀಟಿಗೆ ನಾಲ್ಕನೆಯವರು ಬಂದು ಹಾಗೆ ಅಂದರೆ ಯಾರಿಗೂ ಬೇಜಾರಾಗುವುದಿಲ್ಲ. ಎಲ್ಲರೂ ಒಂದೊಂದು ಇಂಚು ಸರಿಯುತ್ತಾರೆ. ಮನೆಯಲ್ಲಿ ಪ್ರತಿ ಸಲವೂ ಒಬ್ಬರೇ ಸರಿಯಬೇಕಾದಾಗ ಅದೇ ಮಾತು ಚುಚ್ಚುತ್ತದೆ. ಹೆಂಡತಿ ಬಾಯಿ ತೆರೆಯುವ ಮುಂಚೆಯೇ ಬರುವ ‘ಶುರು ಮಾಡಿದ್ಯಾ?’, ಹದಿನೈದರ ಹುಡುಗನಿಗೆ ‘ನಾವೆಲ್ಲ ನಿನ್ನ ವಯಸ್ಸಲ್ಲಿ’, ವಯಸ್ಸಾದ ಅಪ್ಪನಿಗೆ ಮಗ ಹೇಳುವ ‘ನಿಮಗೆ ಗೊತ್ತಾಗಲ್ಲ ಸುಮ್ನಿರಿ’. ಇವು ಯಾವುವೂ ಬೈಗುಳಗಳಲ್ಲ. ಬೈಗುಳವಾದರೆ ತಿರುಗಿ ಏನಾದರೂ ಹೇಳಬಹುದು.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಮ್ಯಾರಿಸ್ಟ್ ಅನ್ನುವ ವಿಶ್ವವಿದ್ಯಾಲಯವಿದೆ, ಆಗ ಅದು ಕಾಲೇಜಾಗಿತ್ತು. ಮಾತಿನ ಮಧ್ಯೆ ಕೇಳಿಬರುವ ಯಾವ ಪದ ನಿಮಗೆ ಜಾಸ್ತಿ ಕಿರಿಕಿರಿ ಮಾಡುತ್ತದೆ ಅಂತ ಅವರು ಜನರನ್ನು ಕೇಳಿದ್ದರು. 2009ರಲ್ಲಿ ನೂರಕ್ಕೆ 47 ಜನ ಹೇಳಿದ್ದು ‘ವಾಟೆವರ್’. ಆಮೇಲೆ ಸುಮಾರು ಹತ್ತು ವರ್ಷ ಅದೇ ಪದ ಮೊದಲ ಸ್ಥಾನದಲ್ಲಿತ್ತು. ನಮ್ಮಲ್ಲಿ ‘ಏನಾದ್ರೂ ಮಾಡ್ಕೋ’ ಅಂತ ಕೈ ಕೊಡವುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಕಿರಿಕಿರಿ ಮಾಡುವ ಎಷ್ಟೋ ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಒಬ್ಬರು ಇನ್ನೂ ಬಾಗಿಲಲ್ಲಿ ನಿಂತಿರುವಾಗಲೇ ಇನ್ನೊಬ್ಬರು ಬಾಗಿಲು ಹಾಕಿಕೊಳ್ಳಲು ಬಳಸುವ ಮಾತುಗಳು ಇವು.

ಮೊದಲ ದಿನ ನಾನು ಸಲಹೆ ಕೊಡುವುದಕ್ಕೆ ಹೋಗಲಿಲ್ಲ. ಕೇಳಬೇಕಾದ್ದನ್ನು ಕೇಳಿದೆ. ಮಗುವಿಗೆ ಹಿಂದೆ ಯಾವತ್ತಾದರೂ ಹೊಡೆದಿದ್ದೀರಾ? ಇಲ್ಲ. ಮನೆಯಲ್ಲಿ ಗಂಡ ಕೈ ಎತ್ತುತ್ತಾರಾ? ಇಲ್ಲ. ನಿದ್ದೆ, ಊಟ? ನಿದ್ದೆ ಕಡಿಮೆ, ಊಟ ಪರವಾಗಿಲ್ಲ. ಬದುಕೇ ಬೇಡ ಅನ್ನಿಸುತ್ತದೆಯಾ? ಇಲ್ಲ. ಬೇರೆ ಸದ್ದುಗಳು, ಅಂದರೆ ಯಾರಾದರೂ ಊಟ ಮಾಡುವಾಗ ಜಗಿಯುವ ಸದ್ದು, ಪೆನ್ನು ಟಕ್ ಟಕ್ ಅನ್ನಿಸುವ ಸದ್ದು ಕೇಳಿದರೂ ಹೀಗೇ ಸಿಟ್ಟು ಬರುತ್ತದಾ ಅಂತಲೂ ಕೇಳಿದೆ. ಕೆಲವರಿಗೆ ಅದು ಬೇರೆಯದೇ ತೊಂದರೆ. ಅದಕ್ಕೆ ಮಿಸೋಫೋನಿಯಾ ಅಂತ 2001ರಲ್ಲಿ ಜಾಸ್ಟ್ರೆಬಾಫ್ ದಂಪತಿ ಹೆಸರಿಟ್ಟರು. ಅಲ್ಲಿ ಅರ್ಥಕ್ಕಿಂತ ಸದ್ದೇ ಕಷ್ಟ ಕೊಡುತ್ತದೆ. ಈಕೆಯದು ಹಾಗಿರಲಿಲ್ಲ. ಪಕ್ಕದ ಮನೆಯವರು ‘ನೋಡೋಣ’ ಅಂದರೆ ಏನೂ ಅನ್ನಿಸುತ್ತಿರಲಿಲ್ಲ. ಗಂಡ ಅಂದರೆ, ಈಗ ಮಗಳು ಅಂದರೆ, ಮೈ ಉರಿಯುತ್ತಿತ್ತು.

ಮಗುವಿನ ವಿಷಯ ಮಾತ್ರ ಅವತ್ತೇ ಹೇಳಿ ಕಳಿಸಿದೆ. ಮನೆಗೆ ಹೋಗಿ ಅವಳ ಎತ್ತರಕ್ಕೆ ಕೂತು, “ನಾನು ಹೊಡೆದಿದ್ದು ತಪ್ಪು. ನೀನು ಕೆಟ್ಟ ಮಾತೇನೂ ಆಡಲಿಲ್ಲ” ಅನ್ನಿ. ‘ಆದರೆ ನೀನೂ’ ಅಂತ ಮುಂದುವರಿಸಬೇಡಿ. ‘ಆದರೆ’ ಬಂತು ಅಂದರೆ ಮಗುವಿಗೆ ಉಳಿಯುವುದು ಅದರ ಮುಂದಿನ ಮಾತು ಮಾತ್ರ. ಇನ್ನೊಮ್ಮೆ ಕೈ ಏಳುವ ಹಾಗಾದರೆ “ಎರಡು ನಿಮಿಷ ಬಂದೆ” ಅಂತ ಹೇಳಿ ಸಿಂಕಿನ ಹತ್ತಿರ ಹೋಗಿ, ತಣ್ಣೀರಿನ ಕೆಳಗೆ ಕೈ ಇಡಿ. ಅದಕ್ಕೂ ಜಗ್ಗದಷ್ಟು ಸಿಟ್ಟು ಬಂದರೆ, ರಾತ್ರಿ ಯಾರೂ ಸಿಗದಿದ್ದರೆ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಭೇಟಿಗೆ ಗಂಡನೂ ಬಂದರು. ಮಂಡ್ಯ ಜಿಲ್ಲೆಯ ಹಳ್ಳಿಯವರು, ಖಾಸಗಿ ಕಂಪನಿಯಲ್ಲಿ ಕೆಲಸ. ಆತ ಬಂದದ್ದೇ ಸಿಟ್ಟಿನಲ್ಲಿ. “ನಾನೇನು ಬೈದ್ನಾ ಮೇಡಂ? ನೋಡೋಣ ಅನ್ನೋದು ಬೈಗುಳಾನಾ? ಆಗಲ್ಲ ಅಂತಲೂ ಅಂದಿಲ್ಲ. ಅಷ್ಟಕ್ಕೆ ಮಗೂಗೆ ಹೊಡೆಯೋದಾ?”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದು ಬೈಗುಳ ಅಲ್ಲ. ಒಳ್ಳೆಯ ಮಾತೇ. ‘ನೋಡು’ ಅನ್ನುವುದನ್ನು ‘ನಾವಿಬ್ಬರೂ ನೋಡೋಣ’ ಅಂತ ಮಾಡಿದ ಮಾತು. ಕೂಡಿ ಮಾಡುವುದಕ್ಕೆ ಕರೆಯುವ ಮಾತು. ಆಕೆಯ ದೂರು ಕೂಡ ಅದೇ ಆಗಿತ್ತು. “ನೋಡೋಣ ಅಂತಾರೆ. ಯಾರು ನೋಡೋದು? ಯಾವಾಗ ನೋಡೋದು? ಹತ್ತು ವರ್ಷದಲ್ಲಿ ಒಂದು ದಿನ ಕೂತು ನೋಡಿಲ್ಲ.”

ಇಲ್ಲಿ ನಾನು ಒಂದು ತಪ್ಪು ಸಲಹೆ ಕೊಟ್ಟೆ. ಅದನ್ನು ಮುಚ್ಚಿಡಬಾರದು ಅಂತ ಬರೆಯುತ್ತಿದ್ದೇನೆ, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಮೊದಲು ಹೊಳೆಯುವ ಉಪಾಯ ಇದೇ. ಎರಡು ವಾರ ಆ ಮಾತನ್ನು ಬಿಟ್ಟು ನೋಡಿ ಅಂದೆ. ಒಂದು ಡಬ್ಬಿ ಇಟ್ಟುಕೊಂಡರು. ಪ್ರತಿ ‘ನೋಡೋಣ’ಕ್ಕೆ 10 ರೂಪಾಯಿ. ಮಗಳಿಗೆ ಲೆಕ್ಕ ಇಡುವ ಕೆಲಸ. ಮೊದಲ ಮೂರು ದಿನ ಮನೆಯಲ್ಲಿ ನಗು ಇತ್ತು. ನಾಲ್ಕನೇ ದಿನದಿಂದ ಆತ ‘ಯೋಚನೆ ಮಾಡ್ತೀನಿ’ ಅನ್ನಲು ಶುರು ಮಾಡಿದರು. ಆಮೇಲೆ ‘ಹ್ಞೂಂ’. ಎರಡನೇ ವಾರ ಅದೂ ಇಲ್ಲ, ಫೋನ್ ನೋಡುತ್ತಾ ಸುಮ್ಮನಿರುತ್ತಿದ್ದರು. ಆಕೆ ಬಂದು ಹೇಳಿದರು: “ಮೊದಲು ನೋಡೋಣ ಅಂತಾದರೂ ಇತ್ತು ಮೇಡಂ.”

ಮಾತನ್ನು ಕಿತ್ತು ಹಾಕಿದರೆ ಅದು ನಿಂತಿದ್ದ ಜಾಗ ಹಾಗೇ ಇರುತ್ತದೆ. ಅಲ್ಲಿಗೆ ಇನ್ನೊಂದು ಮಾತು ಬರುತ್ತದೆ, ಇಲ್ಲವೇ ಮೌನ ಬರುತ್ತದೆ. ನಾನು ಆ ಜಾಗವನ್ನು ನೋಡಬೇಕಿತ್ತು. ಇಬ್ಬರಿಗೂ ಕ್ಷಮೆ ಕೇಳಿದೆ. ಡಬ್ಬಿ ಬೇಡ ಅಂದೆ. ಎರಡು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ ಅಂದೆ. ಗಂಡ ‘ನೋಡೋಣ’ ಅಂದಾಗಲೆಲ್ಲ ಆಕೆ ತನ್ನ ನೋಟ್‌ಬುಕ್ಕಿನಲ್ಲಿ ತಾನು ಏನು ಕೇಳಿದ್ದೆ, ತನಗೆ ಏನು ಅಂತ ಕೇಳಿಸಿತು ಬರೆಯಬೇಕು. ಆತ ತನ್ನದರಲ್ಲಿ ತಾನು ಏನು ಅಂದುಕೊಂಡು ಹಾಗೆ ಹೇಳಿದೆ ಬರೆಯಬೇಕು. ಒಬ್ಬರದನ್ನು ಒಬ್ಬರು ನೋಡುವ ಹಾಗಿಲ್ಲ. ಒಂದು ವಾರ ಬಿಟ್ಟು ಎರಡನ್ನೂ ನನ್ನ ಮೇಜಿನ ಮೇಲೆ ಇಟ್ಟು ಓದಿದೆವು.

ಆ ವಾರ 11 ಸಲ ಆ ಮಾತು ಬಂದಿತ್ತು. ಆಕೆ 11 ಕಡೆಯೂ ಒಂದೇ ಬರೆದಿದ್ದರು: ‘ಬೇಡ ಅಂತ.’ ಆತನ ನೋಟ್‌ಬುಕ್ಕಿನಲ್ಲಿ ಹಾಗಿರಲಿಲ್ಲ. ನಾಲ್ಕು ಕಡೆ ‘ಸುಸ್ತಾಗಿತ್ತು, ಸರಿಯಾಗಿ ಕೇಳಿಸಿಕೊಂಡಿಲ್ಲ’ ಅಂತಿತ್ತು. ಒಂದು ಕಡೆ ಮಾತ್ರ ‘ನನಗೆ ಇಷ್ಟ ಇಲ್ಲ’. ಉಳಿದ ಆರು ಕಡೆ ‘ದುಡ್ಡು ಹೊಂದುತ್ತಾ ಗೊತ್ತಿಲ್ಲ’. ಆಕೆ ಆ ಆರನ್ನೂ ಎರಡೆರಡು ಸಲ ಓದಿದರು.

ಮುಂದಿನ ವಾರ ಇಬ್ಬರನ್ನೂ ಬೇರೆ ಬೇರೆ ಕರೆದು ಮಾತಾಡಿಸಿದೆ.

ಆಕೆಗೆ ಪಿಯುಸಿ ಆದ ಮೇಲೆ ಮೈಸೂರಿನಲ್ಲಿ ಡಿಗ್ರಿ ಓದಬೇಕು ಅಂತ ಆಸೆ ಇತ್ತು. ಗೆಳತಿಯ ಕೈಲಿ ಅರ್ಜಿ ತರಿಸಿ, ತುಂಬಿ, ಅಪ್ಪನ ಸಹಿಗೆ ಜಾಗ ಬಿಟ್ಟು ಇಟ್ಟಿದ್ದರು. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು, ಮೆದು ಮಾತಿನವರು. ದಿನಾ ಸಂಜೆ ಕೇಳಿದರೂ “ನೋಡೋಣ ಮಗಾ” ಅನ್ನುತ್ತಿದ್ದರು. ಅರ್ಜಿ ದೇವರ ಫೋಟೋದ ಹಿಂದೆ ಇತ್ತು. ಕೊನೆಯ ದಿನ ಬಂತು, ಹೋಯಿತು. ಅಪ್ಪ ಆ ವಿಷಯ ಮತ್ತೆ ಎತ್ತಲಿಲ್ಲ. ಇವರೂ ಎತ್ತಲಿಲ್ಲ. ಊರಿನ ಹತ್ತಿರದ ಕಾಲೇಜಿನಲ್ಲೇ ಬಿ.ಎ. ಮಾಡಿದರು. “ಬೇಡ ಅಂದಿದ್ರೆ ಜಗಳ ಆಡ್ತಿದ್ದೆ. ಊಟ ಬಿಡ್ತಿದ್ದೆ. ನೋಡೋಣ ಅಂದ್ರೆ ಯಾರ ಹತ್ರ ಎಂತಕ್ಕೆ ಜಗಳ ಆಡೋದು ಹೇಳಿ?” ಅಪ್ಪ ಈಗಿಲ್ಲ.

ಈಗ ಮೂರು ವರ್ಷದಿಂದ ಆಕೆ ಗಂಡನನ್ನು ಕೇಳುತ್ತಿರುವುದು ಬಿ.ಇಡಿ. ಮಾಡುತ್ತೇನೆ ಅಂತ. ಮೂರು ವರ್ಷವೂ ‘ನೋಡೋಣ’. ಮೂರು ವರ್ಷವೂ ಅರ್ಜಿಯ ಕೊನೆಯ ದಿನ ಬಂದು ಹೋಗಿದೆ. ಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಆಕೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡುತ್ತಿದ್ದರಂತೆ. ಗಂಡನಿಗೆ ಆ ಚುಕ್ಕಿ ಯಾವತ್ತೂ ಕಂಡಿಲ್ಲ. ಕಾಣುವಷ್ಟು ದೊಡ್ಡದಾಗಿ ಈಕೆ ಇಟ್ಟೂ ಇರಲಿಲ್ಲ.

ಆತನ ಕಥೆ ಬೇರೆ. ಅವರ ಅಪ್ಪ ಕಬ್ಬು ಬೆಳೆಯುವವರು. ಕಬ್ಬು ಕಾರ್ಖಾನೆಗೆ ಹೋಗಿ 14 ದಿನದೊಳಗೆ ರೈತರಿಗೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿ ಉಳಿಯುವುದು ಎಷ್ಟು ಮಾಮೂಲಿ ಅಂತ ಕಬ್ಬು ಬೆಳೆದವರಿಗೆ ನಾನು ಹೇಳಬೇಕಿಲ್ಲ. ಇವರು ಎಂಟನೇ ಕ್ಲಾಸಿನಲ್ಲಿ ಸೈಕಲ್ ಕೇಳಿದಾಗ ಅಪ್ಪ ಅಂದದ್ದು, “ನೋಡನ ಬುಡು, ಕಬ್ಬಿನ್ ದುಡ್ ಬರ್ಲಿ.” ಒಂದೂವರೆ ವರ್ಷ ಬಿಟ್ಟು ಸೈಕಲ್ ಬಂತು. “ನಮ್ಮಪ್ಪ ಆಯ್ತು ಅಂತ ಒಂದು ಸಲ ಅಂದ್ರೆ ಅದು ಆಗದೆ ಇದ್ದಿದ್ದೇ ಇಲ್ಲ ಮೇಡಂ. ಅದಕ್ಕೇ ಸುಲಭಕ್ಕೆ ಆಯ್ತು ಅಂತಿರಲಿಲ್ಲ.” ಕೈಲಿ ದುಡ್ಡಿಲ್ಲದೆ ಮಾತು ಕೊಡುವವನು ಆ ಮನೆಯಲ್ಲಿ ಹಗುರದವನು. ‘ನೋಡೋಣ’ ಅನ್ನುವವನು ಮಾತಿಗೆ ಬೆಲೆ ಕೊಡುವವನು.

ಒಂದು ಮನೆಯಲ್ಲಿ ಆ ಮಾತಿನ ಕೊನೆಗೆ ಸೈಕಲ್ ಬಂದಿತ್ತು. ಇನ್ನೊಂದು ಮನೆಯಲ್ಲಿ ದೇವರ ಫೋಟೋದ ಹಿಂದೆ ಒಂದು ಅರ್ಜಿ ಉಳಿದಿತ್ತು. ಈ ಇಬ್ಬರೂ ಮದುವೆಯಾಗಿ ಹತ್ತು ವರ್ಷ ಒಂದೇ ಸೂರಿನಡಿ ಆ ಮಾತನ್ನು ಆಡುತ್ತಾ ಕೇಳುತ್ತಾ ಬಂದಿದ್ದರು.

ಅಷ್ಟೇ ಆಗಿದ್ದರೆ ವಿವರಿಸಿ ಹೇಳಿದರೆ ಮುಗಿಯುತ್ತಿತ್ತು. ಆದರೆ ಆತ ಎದ್ದು ಹೊರಡುವ ಹೊತ್ತಿಗೆ ಮತ್ತೆ ಕೂತರು. ತಂಗಿಯ ಮದುವೆಗೆ 6 ಲಕ್ಷ ಪರ್ಸನಲ್ ಲೋನ್ ಮಾಡಿದ್ದರು. ತಿಂಗಳಿಗೆ 13 ಸಾವಿರದ ಮೇಲೆ ಕಂತು. ಮೂರು ವರ್ಷವಾಗಿತ್ತು. ಹೆಂಡತಿಗೆ ಹೇಳಿರಲಿಲ್ಲ. ಬಿ.ಇಡಿ. ಮಾತು ಬಂದಾಗಲೆಲ್ಲ ಆತನ ತಲೆಯಲ್ಲಿ ಬರುತ್ತಿದ್ದದ್ದು ಆ ಕಂತು. 2015ರಿಂದ ಬಿ.ಇಡಿ. ಎರಡು ವರ್ಷದ ಓದಾಗಿದೆ ಅಂತ ಗೊತ್ತಾದ ಮೇಲಂತೂ ಎರಡು ವರ್ಷದ ಫೀಸು, ಮಗಳನ್ನು ನೋಡಿಕೊಳ್ಳುವವರ ಖರ್ಚು ಎಲ್ಲ ಲೆಕ್ಕ ಹಾಕಿ ಗಾಬರಿಯಾಗಿದ್ದರು. ‘ಆಗಲ್ಲ’ ಅಂದರೆ ‘ಯಾಕೆ’ ಅಂತ ಕೇಳುತ್ತಾರೆ. ‘ಯಾಕೆ’ ಅಂದರೆ ಸಾಲ ಹೇಳಬೇಕು. ‘ನೋಡೋಣ’ ಅಂದರೆ ಅವತ್ತಿಗೆ ತಪ್ಪಿಸಿಕೊಳ್ಳಬಹುದು.

ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ನಾನು ದಾಟಿಸುವ ಹಾಗಿಲ್ಲ. ಅದನ್ನೇ ಅವರಿಗೆ ಹೇಳಿದೆ. “ನಾನು ಹೇಳಲ್ಲ. ಆದರೆ ಇದನ್ನು ಇಟ್ಟುಕೊಂಡು ನಾವು ಮೂವರೂ ಇಲ್ಲಿ ಕೂತು ‘ನೋಡೋಣ’ದ ಬಗ್ಗೆ ಮಾತಾಡೋದು ಆಕೆಗೆ ಮಾಡುವ ಮೋಸ. ನೀವೇ ಹೇಳಬೇಕು. ಬೇಕಾದರೆ ನಾನು ಪಕ್ಕದಲ್ಲಿರ್ತೀನಿ.” ಎರಡು ವಾರ ಅವರು ಬರಲಿಲ್ಲ. ಮೂರನೇ ವಾರ ಇಬ್ಬರೂ ಬಂದಾಗ, ಆತ ಚಪ್ಪಲಿ ಬಿಟ್ಟು ಒಳಗೆ ಬಂದವರೇ ಸಾಲದ ವಿಷಯ ಹೇಳಿಬಿಟ್ಟರು.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದದ್ದು: “ಮೂರು ವರ್ಷ ನಾನು ಓದೋದೇ ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ. ಸಾಲ ಮಾಡಿದ್ದು ತಪ್ಪಲ್ಲ. ಹೇಳಿದ್ರೆ ಚಿನ್ನ ಆದ್ರೂ ಕೊಡ್ತಿದ್ದೆ.” ಒಂದು ವಾರ ಅವರು ಗಂಡನ ಜೊತೆ ಬೇಕಾದಷ್ಟೇ ಮಾತಾಡಿದರು. ಅದು ಸಹಜ. ಬೇಗ ಸರಿಹೋಗಿ ಅಂತ ನಾನು ಒತ್ತಾಯ ಮಾಡಲಿಲ್ಲ.

ನಾನು ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು ಆತನಿಗೆ. ‘ನೋಡೋಣ’ವನ್ನು ಬಿಡಬೇಡಿ, ಅದು ನಿಮ್ಮ ಅಪ್ಪನಿಂದ ಬಂದ ಮಾತು. ಆದರೆ ಅಪ್ಪ ಅದನ್ನು ಒಂಟಿಯಾಗಿ ಬಿಟ್ಟಿರಲಿಲ್ಲ, ನೆನಪು ಮಾಡಿಕೊಳ್ಳಿ. ‘ಕಬ್ಬಿನ್ ದುಡ್ ಬರ್ಲಿ’ ಅಂತ ಕಾರಣ ಸೇರಿಸಿದ್ದರು. ನೀವು ಕಾರಣವನ್ನು ಬಿಟ್ಟು ಮೊದಲಿನ ತುಂಡನ್ನು ಮಾತ್ರ ತಂದಿದ್ದೀರಿ. ಇನ್ನು ಮೇಲೆ ಆ ಮಾತಿಗೆ ಒಂದು ಕಾರಣ, ಒಂದು ದಿನ ಕಟ್ಟಿ. ‘ನೋಡೋಣ, ಸಂಬಳ ಬರಲಿ, ಶನಿವಾರ ಹೇಳ್ತೀನಿ’ ಅನ್ನಿ. ಶನಿವಾರ ಬಂದಾಗ ನೀವೇ ಮಾತು ತೆಗೆಯಬೇಕು. ಆಕೆ ನೆನಪಿಸುವ ಹಾಗೆ ಆಗಬಾರದು. ಉತ್ತರ ‘ಇನ್ನೂ ಗೊತ್ತಾಗಿಲ್ಲ’ ಅಂತಿದ್ದರೂ ಸರಿ, ನೀವೇ ಎತ್ತಿ.

‘ಇಲ್ಲ’ ಅನ್ನಬೇಕಾದ ಕಡೆ ‘ಇಲ್ಲ’ ಅನ್ನಿ ಅಂತಲೂ ಹೇಳಿದೆ. ಇದು ನಮ್ಮವರಿಗೆ ನಿಜಕ್ಕೂ ಕಷ್ಟ. ನಮ್ಮ ಅಜ್ಜಿ ಯಾರನ್ನೂ ‘ಹೋಗ್ತೀನಿ’ ಅನ್ನಲು ಬಿಡುತ್ತಿರಲಿಲ್ಲ, ‘ಹೋಗಿ ಬರ್ತೀನಿ’ ಅನ್ನಬೇಕು. ಬಳೆ ಒಡೆದರೆ ‘ಬಳೆ ಹೆಚ್ಚಿತು’ ಅನ್ನಬೇಕು. ದೀಪ ಆರಿಸು ಅನ್ನುವ ಹಾಗಿಲ್ಲ. ಕೆಟ್ಟ ಮಾತು ಬಾಯಲ್ಲಿ ಬರಬಾರದು ಅನ್ನುವ ಆ ಎಚ್ಚರ ನನಗೆ ಇವತ್ತಿಗೂ ಇಷ್ಟ. ನಾನೂ ಹೊರಡುವಾಗ ‘ಬರ್ತೀನಿ’ ಅಂತಲೇ ಹೇಳುವುದು. ಆದರೆ ಹೆಂಡತಿ ತನ್ನ ಓದಿನ ಬಗ್ಗೆ ಕೇಳಿದಾಗ ಆ ನಯ ಕೆಲಸಕ್ಕೆ ಬರುವುದಿಲ್ಲ. ‘ಈ ವರ್ಷ ಆಗಲ್ಲ’ ಅನ್ನುವುದು ನೋಯಿಸುತ್ತದೆ. ನೋಯಿಸಿದರೂ ಅದರ ಮೇಲೆ ಏನಾದರೂ ಕಟ್ಟಬಹುದು. ಮುಂದಿನ ವರ್ಷಕ್ಕೆ ಲೆಕ್ಕ ಹಾಕಬಹುದು, ಜಗಳ ಆಡಬಹುದು, ತವರಿನಲ್ಲಿ ಕೇಳಬಹುದು.

ಆಕೆಗೂ ಕೆಲಸ ಇತ್ತು. ನೋಟ್‌ಬುಕ್ಕಿನಲ್ಲಿ ಕಂಡ ಇನ್ನೊಂದು ವಿಷಯ ಅಂದರೆ 11ರಲ್ಲಿ 8 ಸಲ ಆಕೆ ಪ್ರಶ್ನೆ ಕೇಳಿದ್ದು ಆತ ಟ್ರಾಫಿಕ್ಕಿನಿಂದ ಬಂದು ಶೂ ಬಿಚ್ಚುವಾಗ. ಪ್ರಶ್ನೆ ಶುರುವಾಗುತ್ತಿದ್ದದ್ದು ‘ಇವತ್ತಾದ್ರೂ ಹೇಳ್ತೀರಾ ಇಲ್ವಾ’ ಅಂತ. 1999ರಲ್ಲಿ ಸಿಬಿಲ್ ಕರೇರ್ ಮತ್ತು ಜಾನ್ ಗಾಟ್‌ಮನ್ ಅನ್ನುವ ಸಂಶೋಧಕರು ಅಮೆರಿಕದಲ್ಲಿ ಹೊಸದಾಗಿ ಮದುವೆಯಾದ 124 ಜೋಡಿಗಳ ಜಗಳದ ಮಾತುಗಳನ್ನು ನೋಡಿ ಒಂದು ಅಧ್ಯಯನ ಮಾಡಿದ್ದರು. ಮುಂದೆ ಯಾವ ಜೋಡಿ ಬೇರೆಯಾಗಬಹುದು ಅನ್ನುವುದರ ಸುಳಿವು ಮಾತಿನ ಮೊದಲ 3 ನಿಮಿಷದಲ್ಲೇ ಸಿಗುತ್ತಿತ್ತು. ಮಾತು ಒರಟಾಗಿ ಶುರುವಾದರೆ ಆಮೇಲೆ ಹದಕ್ಕೆ ಬರುವುದು ಕಷ್ಟ. ಇದನ್ನು ನಾನು ಆಕೆಯ ತಪ್ಪು ಅಂತ ಹೇಳಲಿಲ್ಲ. ಮೂರು ವರ್ಷ ಉತ್ತರ ಸಿಗದವರ ದನಿ ಹಾಗೇ ಆಗುತ್ತದೆ. ಆದರೂ ದೊಡ್ಡ ಮಾತುಗಳಿಗೆ ಶನಿವಾರ ಬೆಳಗಿನ ಕಾಫಿ ಹೊತ್ತು ಅಂತ ಗೊತ್ತು ಮಾಡಿದೆವು. 20 ನಿಮಿಷ. ಮಗಳು ಎದ್ದಿರುವುದಿಲ್ಲ, ಫೋನ್ ರೂಮಿನಲ್ಲಿರುತ್ತದೆ.

ಕ್ಯಾಲೆಂಡರಿನ ಚುಕ್ಕಿಯನ್ನು ಕೆಂಪು ಪೆನ್ನಿನಲ್ಲಿ, ದೊಡ್ಡದಾಗಿ, ‘ಬಿ.ಇಡಿ. ಅರ್ಜಿ ಕೊನೆ ದಿನ’ ಅಂತ ಬರೆದು ಇಡಿ ಅಂತಲೂ ಹೇಳಿದೆ.

ಆತನಿಗೆ ತಡೆಯಲಾಗದ ಮಾತೂ ಒಂದಿತ್ತು: ಆಕೆಯ ‘ಪರವಾಗಿಲ್ಲ ಬಿಡಿ’. “ಪರವಾಗಿಲ್ಲ ಅಂತಾಳೆ. ಆಮೇಲೆ ನಾಲ್ಕು ದಿನ ಪಾತ್ರೆ ಸದ್ದು ಮಾಡ್ತವೆ. ಪರವಾಗಿಲ್ಲ ಅಂದ್ಮೇಲೆ ಪರವಾಗಿಲ್ಲ ಅಲ್ವಾ?” ಅಂದರು. ಆಕೆ ಇದನ್ನು ಸ್ವಲ್ಪ ನಾಚಿಕೆಯಿಂದಲೇ ಒಪ್ಪಿಕೊಂಡರು. ಬೇಜಾರಾದಾಗ ‘ಬೇಜಾರಾಗಿದೆ, ಆಮೇಲೆ ಮಾತಾಡ್ತೀನಿ’ ಅನ್ನಬೇಕು ಅಂತ ಮಾತಾಯಿತು.

ಅತ್ತೆಯ ವಿಷಯವೂ ಹೀಗೇ ನೋಟ್‌ಬುಕ್ಕಿನ ಅಂಚಿನಿಂದ ಹೊರಬಂತು. ಅತ್ತೆ ಕರೆದರೆ ಈಕೆ “ಎಂತ?” ಅನ್ನುತ್ತಾರೆ. ಮಲೆನಾಡಿನಲ್ಲಿ ಅದು ‘ಏನು’ ಅಂದ ಹಾಗೆ, ಅದರಲ್ಲಿ ಏನೂ ಇಲ್ಲ. ಮಂಡ್ಯದ ಕಿವಿಗೆ ಅದು ಮುಖಕ್ಕೆ ಹೊಡೆದ ಹಾಗೆ ಕೇಳಿಸುತ್ತಿತ್ತು. ‘ಏನತ್ತೆ’ ಅಂತ ಬಾಯ್ತುಂಬ ಅನ್ನಲಿ ಅಂತ ಅವರ ಆಸೆ. ಅತ್ತೆ ಪ್ರೀತಿಯಿಂದ “ಬಾ ಅಮ್ಮಿ, ಕೂತ್ಕೊ ಅಮ್ಮಿ” ಅಂದರೆ ಈಕೆಗೆ ಕೆಲಸದ ಹುಡುಗಿಯನ್ನು ಕರೆದ ಹಾಗೆ ಅನ್ನಿಸುತ್ತಿತ್ತು. ಅಲ್ಲಿ ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವುದೇ ಹಾಗೆ. ಇದನ್ನು ಬಿಡಿಸಿ ಹೇಳುವುದಕ್ಕೆ ಐದು ನಿಮಿಷ ಸಾಕಾಯಿತು. ಇಬ್ಬರಿಗೂ ಹತ್ತು ವರ್ಷದ ಬೇಜಾರು ಹೋಯಿತು. ಕಿರಿಕಿರಿಯಲ್ಲಿ ಇಂಥದ್ದೂ ಒಂದು ಬಗೆ. ಅರ್ಥ ಗೊತ್ತಿಲ್ಲದ್ದರಿಂದ ಹುಟ್ಟಿದ್ದು ಅರ್ಥ ಹೇಳಿದರೆ ಹೋಗುತ್ತದೆ. ‘ನೋಡೋಣ’ ಹಾಗಲ್ಲ. ಅದರ ಅರ್ಥ ಇಬ್ಬರಿಗೂ ಮೊದಲೇ ಗೊತ್ತಿತ್ತು. ಅಂಥ ಮಾತಿನ ಹಿಂದೆ ಯಾವ ಪ್ರಶ್ನೆ ಉತ್ತರ ಸಿಗದೆ ನಿಂತಿದೆ ಅಂತ ಹುಡುಕಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ಒಂದು ಮಾತು ಚುಚ್ಚುತ್ತಿದ್ದರೆ ಮೊದಲು ಇವೆರಡರಲ್ಲಿ ಯಾವುದು ಅಂತ ನೋಡಿಕೊಳ್ಳಿ. ಗೊತ್ತಾಗದಿದ್ದರೆ ಒಂದು ವಾರ ನೋಟ್‌ಬುಕ್ ಇಡಿ. ಒಬ್ಬರೇ ಇಟ್ಟರೂ ಸಾಕು.

ಒಟ್ಟು ಒಂಬತ್ತು ಸಲ ಬಂದರು. ಆರನೇ ಭೇಟಿಯ ಹೊತ್ತಿಗೆ ಒಂದು ಶನಿವಾರ ಆತ “ಈ ವರ್ಷ ಆಗಲ್ಲ” ಅಂದಿದ್ದರು. ಬ್ಯಾಂಕಿನ ಕಾಗದ ಮುಂದೆ ಇಟ್ಟು, ಎಷ್ಟು ಕಂತು ಉಳಿದಿದೆ ಅಂತ ತೋರಿಸಿ ಹೇಳಿದ್ದರು. ಆಕೆ ಅತ್ತರಂತೆ. ಆ ರಾತ್ರಿ ಎಷ್ಟೋ ದಿನದ ಮೇಲೆ ಸರಿಯಾಗಿ ನಿದ್ದೆ ಮಾಡಿದರಂತೆ. ಮುಂದಿನ ವರ್ಷ ಅರ್ಜಿ ಕರೆದ ವಾರವೇ ಹಾಕುವುದು ಅಂತ ಇಬ್ಬರೂ ಕೂತು ತೀರ್ಮಾನ ಮಾಡಿದ್ದಾರೆ. ತಿಂಗಳಿಗೆ 2 ಸಾವಿರ ಅದಕ್ಕೆ ಅಂತ ಬೇರೆ ಖಾತೆಗೆ ಹೋಗುತ್ತಿದೆ. ಆತ ಈಗಲೂ ಕೆಲವು ಸಲ ದಿನ ಸೇರಿಸಲು ಮರೆಯುತ್ತಾರೆ. ಒಂದೆರಡು ಶನಿವಾರ ತಪ್ಪಿಯೂ ಹೋಗಿದೆ.

ಕೊನೆಯ ಭೇಟಿಯಲ್ಲಿ ಆಕೆಯನ್ನು ಕೇಳಿದೆ, ಆ ಮಾತು ಈಗಲೂ ಚುಚ್ಚುತ್ತದಾ ಅಂತ.

“ಚುಚ್ಚುತ್ತೆ ಮೇಡಂ,” ಅಂದರು. “ಆದರೆ ಈಗ ‘ಯಾವತ್ತು?’ ಅಂತ ಕೇಳ್ತೀನಿ. ಅಪ್ಪನ್ನ ಒಂದು ಸಲಾನೂ ಹಾಗೆ ಕೇಳಿರಲಿಲ್ಲ.”